ಓಪನ್ ಹಾರ್ಡ್‌ವೇರ್ ಬೋರ್ಡ್ ಕೊಳ್ಳುವ ಮುಂಚೆ: ಮೊದಲು ಸರ್ಕ್ಯೂಟ್ ಡಯಾಗ್ರಮ್ ನೋಡಿ, ಆಮೇಲೆ ಬೆಲೆ

ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಒಂದು ತಗೊಳ್ಳಬೇಕು, ಯಾವುದು ತಗೊಳ್ಳಲಿ ಅಂತ ಕೇಳಿ ನೋಡಿ. ಹೆಚ್ಚಿನವರು ಯೋಚನೆಯನ್ನೇ ಮಾಡದೆ ರಾಸ್ಪ್‌ಬೆರಿ ಪೈ ಅನ್ನುತ್ತಾರೆ. ಒಳ್ಳೆಯ ಬೋರ್ಡೇ. ಆದರೆ ನೀವು ಕೇಳಿದ್ದು ಓಪನ್ ಹಾರ್ಡ್‌ವೇರ್ ಬೋರ್ಡ್, ಅಂದರೆ ವಿನ್ಯಾಸದ ಫೈಲ್‌ಗಳು ಎಲ್ಲರಿಗೂ ಸಿಗುವ, ಯಾರು ಬೇಕಾದರೂ ತಯಾರಿಸಬಹುದಾದ ಬೋರ್ಡ್ ಆಗಿದ್ದರೆ ಆ ಉತ್ತರ ತಪ್ಪು. ಪೈ ಮೇಲೆ ಓಡುವ ಲಿನಕ್ಸ್ ಓಪನ್, ಬೋರ್ಡ್ ಅಲ್ಲ. ಅದರ ಸರ್ಕ್ಯೂಟ್ ಡಯಾಗ್ರಮ್ ಅರ್ಧಂಬರ್ಧ ಪಿಡಿಎಫ್ ಆಗಿ ಸಿಗುತ್ತದೆ, ಬಿಡಿಭಾಗ, ತಾಮ್ರದ ಗೆರೆ ಎಲ್ಲೆಲ್ಲಿ ಅಂತ ತೋರಿಸುವ ಪಿಸಿಬಿ ಲೇಔಟ್ ಫೈಲ್ ಸಿಗುವುದಿಲ್ಲ.

ಸಿಗದಿದ್ದರೆ ಏನೀಗ, ನಾನೇನು ಮನೇಲಿ ಬೋರ್ಡ್ ತಯಾರಿಸುತ್ತೀನಾ ಅಂತ ನೀವು ಕೇಳಬಹುದು. ನಾನೂ ತಯಾರಿಸುವುದಿಲ್ಲ. ಹವ್ಯಾಸಕ್ಕೆ ಬೋರ್ಡ್ ಇಟ್ಟುಕೊಂಡವರಿಗೆ ಫೈಲ್ ಬೇಕಾಗುವುದು ಬೋರ್ಡ್ ಕೈಕೊಟ್ಟ ದಿನ. ಯಾವ ಪಿನ್ ಎಷ್ಟು ವೋಲ್ಟ್ ತಡೆಯುತ್ತದೆ, ಅಡಾಪ್ಟರ್‌ನಿಂದ ಬಂದ ಕರೆಂಟ್ ಎಲ್ಲೆಲ್ಲಿ ಹಾದು ಚಿಪ್ ಮುಟ್ಟುತ್ತದೆ, ಆ ಪುಟ್ಟ ಕಪ್ಪು ಐಸಿ ಸುಟ್ಟರೆ ಅದರ ಬದಲಿಗೆ ಏನು ಹಾಕಬೇಕು, ಇದೆಲ್ಲ ಗೊತ್ತಾಗುವುದು ಡಯಾಗ್ರಮ್‌ನಿಂದಲೇ. 2019ರಲ್ಲಿ ಪೈ 4 ಬಂದಾಗ ಕೆಲವು ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ಅದು ಆನ್ ಆಗುತ್ತಲೇ ಇರಲಿಲ್ಲ. ಯುಎಸ್‌ಬಿ-ಸಿ ಕಿಂಡಿಯ ಎರಡು ಪಿನ್‌ಗಳಿಗೆ ಬೇರೆ ಬೇರೆ ರೆಸಿಸ್ಟರ್ ಇರಬೇಕಾದ ಕಡೆ ಎರಡಕ್ಕೂ ಸೇರಿಸಿ ಒಂದೇ ಕೊಟ್ಟಿದ್ದರು. ಅದು ಬಯಲಾಗಿದ್ದು ಆ ಅರ್ಧಂಬರ್ಧ ಡಯಾಗ್ರಮ್ ಓದಿದವರಿಂದ. ಅರ್ಧಕ್ಕೇ ಇಷ್ಟು ಪ್ರಯೋಜನ ಅಂದ ಮೇಲೆ ಪೂರ್ತಿ ಸಿಕ್ಕರೆ ಎಷ್ಟಿರಬೇಡ, ಅಲ್ವಾ?

ಹೆಜ್ಜೆ 1: ಬೋರ್ಡ್‌ಗೆ ಏನು ಕೆಲಸ?

ಇದನ್ನು ಹಾರಿಸಬೇಡಿ. ಹಾರಿಸಿದವರ ಮೇಜಿನ ಡ್ರಾಯರ್‌ನಲ್ಲಿ ಧೂಳು ತಿನ್ನುವ ಮೂರ್ನಾಲ್ಕು ಬೋರ್ಡ್ ಸಿಗುತ್ತವೆ, ನನ್ನ ಡ್ರಾಯರ್‌ನಲ್ಲಿ ಐದಿವೆ.

ಬ್ರೌಸರ್ ತೆರೆಯಬೇಕು, ವಿಡಿಯೊ ನೋಡಬೇಕು, ಮಕ್ಕಳಿಗೆ ಮನೆ ಕಂಪ್ಯೂಟರ್ ಆಗಬೇಕು ಅನ್ನುವುದಾದರೆ ಅಗ್ಗದ ಓಪನ್ ಹಾರ್ಡ್‌ವೇರ್ ಬೋರ್ಡ್‌ಗಳ ಸುದ್ದಿಗೇ ಹೋಗಬೇಡಿ. 512 ಎಂಬಿ ರ‍್ಯಾಮ್‌ನಲ್ಲಿ ಇವತ್ತಿನ ಬ್ರೌಸರ್ ತೆವಳುತ್ತದೆ. ಪೈ 4 ಅಥವಾ ಪೈ 5 ತಗೊಳ್ಳಿ, ಇಲ್ಲವೇ ಹಳೇ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ. ಬರೀ ಒಂದು ಲೈಟ್ ಆನ್ ಆಫ್ ಮಾಡುವುದಕ್ಕೆ ಕಂಪ್ಯೂಟರೇ ಬೇಡ, ಆರ್ಡುಯಿನೊ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡ್ ಸಾಕು. ಅದೂ ಓಪನ್ ಹಾರ್ಡ್‌ವೇರೇ.

ನಡುವೆ ಉಳಿಯುವ ಕೆಲಸಗಳೇ ನಮ್ಮವು. ಸೆನ್ಸರ್ ಓದಿ ಲೆಕ್ಕ ಇಟ್ಟು ಫೋನ್‌ಗೆ ತಿಳಿಸುವುದು, ಮೋಟಾರ್‌ಗಳನ್ನು ತಾಳ ತಪ್ಪದಂತೆ ಓಡಿಸುವುದು, ಮನೆಯವರ ಫೋಟೊಗಳಿಗೆ ಒಂದು ಪುಟ್ಟ ಸರ್ವರ್ ನಡೆಸುವುದು. ಕೆಲಸ ಯಾವುದು ಅಂತ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಸಾಲು ಹೀಗಿತ್ತು: "ಅಡಿಕೆ ತೋಟದ ಮಣ್ಣು ಒಣಗಿದರೆ ಮನೆಯಲ್ಲಿ ಗೊತ್ತಾಗಬೇಕು." ಅಪ್ಪನಿಗೆ ಹೇಳಿದಾಗ, "ಬೆರಳು ಹಾಕಿ ನೋಡಿದರೆ ಗೊತ್ತಾಗಲ್ವೇನೋ, ಅದಕ್ಕೂ ದುಡ್ಡು ಸುರೀಬೇಕಾ?" ಅಂದರು. ಅವರ ಮಾತು ಸುಳ್ಳಲ್ಲ. ಆದರೆ ಹವ್ಯಾಸ ಅಂದರೆ ಇದೇ ತಾನೆ.

ಹೆಜ್ಜೆ 2: ನಿಜಕ್ಕೂ ಓಪನ್ನಾ ಅಂತ ಅರ್ಧ ಗಂಟೆ ಕೂತು ನೋಡಿ

ಡಬ್ಬದ ಮೇಲೆ "ಓಪನ್" ಅಂತ ಅಚ್ಚು ಹಾಕಿಸುವುದಕ್ಕೆ ಯಾರೂ ಯಾರನ್ನೂ ಕೇಳಬೇಕಿಲ್ಲ. ಹಾಗಾಗಿ ಬೋರ್ಡ್ ತಯಾರಿಸಿದವರ ಫೈಲ್‌ಗಳಿರುವ ಜಾಗಕ್ಕೆ ಹೋಗಿ ನೀವೇ ಹುಡುಕಿ.

ಮೊದಲು ಸರ್ಕ್ಯೂಟ್ ಡಯಾಗ್ರಮ್. ಪಿಡಿಎಫ್ ಮಾತ್ರ ಇದೆಯೋ, ತಿದ್ದಲು ಬರುವ ಮೂಲ ಫೈಲ್ ಇದೆಯೋ ನೋಡಿ. ಆರೆಂಜ್ ಪೈ ತರಹದ ಎಷ್ಟೋ ಅಗ್ಗದ ಬೋರ್ಡ್‌ಗಳಿಗೆ ಪಿಡಿಎಫ್ ಸಿಗುತ್ತದೆ, ಅಲ್ಲಿಗೆ ಕಥೆ ಮುಗೀತು. ಹೆಸರಿನ ಕೊನೆಗೆ ಪೈ ಅಂತ ಇದ್ದ ಮಾತ್ರಕ್ಕೆ, ಲಿನಕ್ಸ್ ಓಡಿದ ಮಾತ್ರಕ್ಕೆ ಅದು ಓಪನ್ ಹಾರ್ಡ್‌ವೇರ್ ಆಗುವುದಿಲ್ಲ.

ಎರಡನೆಯದು ಪಿಸಿಬಿ ಲೇಔಟ್ ಮತ್ತು ಬಿಡಿಭಾಗಗಳ ಪಟ್ಟಿ. ಇಲ್ಲಿ ಒಂದು ತೊಡಕಿದೆ. ಫೈಲ್ ಇರುತ್ತದೆ, ತೆರೆಯುವ ಸಾಫ್ಟ್‌ವೇರ್ ನಮ್ಮ ಕೈಗೆ ಎಟುಕುವುದಿಲ್ಲ. ಮುಂದೆ ನೋಡಲಿರುವ ಬೀಗಲ್‌ಬೋನ್ ಬ್ಲ್ಯಾಕ್ ಅನ್ನುವ ಬೋರ್ಡ್‌ನ ಮೂಲ ಲೇಔಟ್ ಅಲೆಗ್ರೊ ಅನ್ನುವ ದುಬಾರಿ ಸಾಫ್ಟ್‌ವೇರ್‌ನದು. ಬಲ್ಗೇರಿಯಾದ ಓಲಿಮೆಕ್ಸ್‌ನವರು ಎ64-ಓಲಿನುಕ್ಸಿನೊ ಬೋರ್ಡನ್ನು ಕೈಕ್ಯಾಡ್‌ನಲ್ಲೇ ಬಿಡಿಸಿದರು. ಕೈಕ್ಯಾಡ್ ಉಚಿತ, ನಮ್ಮ ಸಾದಾ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಒಮ್ಮೆ ಆ ಫೈಲ್ ತೆರೆದು, ಒಂದು ಗೆರೆ ಮೇಲೆ ಒತ್ತಿ, ಅದು ಯಾವ ಪಿನ್‌ನಿಂದ ಯಾವ ಪಿನ್‌ಗೆ ಓಡುತ್ತದೆ ಅಂತ ಹೊಳೆಯುವುದನ್ನು ನೋಡಿ. ಬೋರ್ಡ್ ಕೊಳ್ಳದಿದ್ದರೂ ಪರವಾಗಿಲ್ಲ, ಅಷ್ಟರಲ್ಲೇ ಎಷ್ಟೋ ಕಲಿತಿರುತ್ತೀರಿ.

ಮೂರನೆಯದು ಲೈಸೆನ್ಸ್. ಯಾರು ಬೇಕಾದರೂ ತಯಾರಿಸಬಹುದು, ತಿದ್ದಬಹುದು, ಮಾರಬಹುದು ಅಂತ ಇರಬೇಕು. "ವ್ಯಾಪಾರಕ್ಕೆ ಬಳಸುವಂತಿಲ್ಲ" ಅಂತ ಬರೆದಿದ್ದರೆ ಅದು ಓಪನ್ ಹಾರ್ಡ್‌ವೇರ್ ಅಲ್ಲ. ಇದರಿಂದ ನಮಗೇನು ಲಾಭ ಅಂತೀರಾ? ಬೀಗಲ್‌ಬೋನ್ ಬ್ಲ್ಯಾಕ್‌ನ ಫೈಲ್ ಹಿಡಿದು ಚೀನಾದ ಶೆನ್‌ಜೆನ್‌ನ ಸೀಡ್ ಕಂಪನಿ 2015ರಲ್ಲಿ ಬೀಗಲ್‌ಬೋನ್ ಗ್ರೀನ್ ತಂದಿತು. ಎಚ್‌ಡಿಎಂಐ ತೆಗೆದು, ಸೆನ್ಸರ್ ಚುಚ್ಚುವುದಕ್ಕೆ ಗ್ರೋವ್ ಕನೆಕ್ಟರ್ ಇಟ್ಟರು, ಬೆಲೆಯೂ ಕಮ್ಮಿ. ಒಬ್ಬರ ಹತ್ತಿರ ಸ್ಟಾಕ್ ಇಲ್ಲದಿದ್ದರೆ ಇನ್ನೊಬ್ಬರ ಹತ್ತಿರ ಇರುತ್ತದೆ, ಬರೆದ ಪ್ರೋಗ್ರಾಂ ಬದಲಾಯಿಸಬೇಕಿಲ್ಲ.

ಇನ್ನೂ ಖಾತ್ರಿ ಬೇಕಿದ್ದರೆ ಓಪನ್ ಸೋರ್ಸ್ ಹಾರ್ಡ್‌ವೇರ್ ಅಸೋಸಿಯೇಷನ್ 2016ರಿಂದ ಕೊಡುತ್ತಿರುವ ಸರ್ಟಿಫಿಕೇಟ್ ಇದೆಯಾ ನೋಡಿ. ದೇಶದ ಎರಡಕ್ಷರದ ಗುರುತು, ಅದರ ಮುಂದೆ ಆರಂಕಿಯ ನಂಬರ್ ಇರುತ್ತದೆ. ಓಪನ್ ಹಾರ್ಡ್‌ವೇರ್‌ನ ಗುರುತಾದ ಹಲ್ಲಿನ ಚಕ್ರದ ಚಿತ್ರ ಮಾತ್ರ ಇದ್ದರೆ ಅದಕ್ಕೆ ಆ ಬೆಲೆ ಇಲ್ಲ.

ಚಿಪ್‌ನ ಕೈಪಿಡಿ ಸಿಗುತ್ತದಾ ಅನ್ನುವುದನ್ನೂ ನೋಡಿಬಿಡಿ. ಬೀಗಲ್‌ಬೋನ್ ಬ್ಲ್ಯಾಕ್‌ನ ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ335ಎಕ್ಸ್ ಸರಣಿಯದು, 1985ರಲ್ಲೇ ಬೆಂಗಳೂರಿಗೆ ಬಂದು ಕೂತ ಕಂಪನಿ ಅದು. ಆ ಸರಣಿಯ ಕೈಪಿಡಿ ಸುಮಾರು 5,000 ಪುಟ. ಗುಟ್ಟು ಕಾಯುತ್ತೇನೆ ಅಂತ ಯಾವ ಕರಾರಿಗೂ ಸಹಿ ಹಾಕದೆ ಸಿಗುತ್ತದೆ. ಪೂರ್ತಿ ಓದಿ ಅನ್ನುತ್ತಿಲ್ಲ, ಬೇಕಾದಾಗ ಬೇಕಾದ ಪುಟ ಇದ್ದರೆ ಆಯಿತು. ಹಾಗಂತ ಚಿಪ್‌ನ ಒಳಗಿನ ವಿನ್ಯಾಸ ಓಪನ್ ಅಲ್ಲ, ಅದರ ಗ್ರಾಫಿಕ್ಸ್ ಭಾಗವೂ ಮುಚ್ಚಿದ್ದೇ. ಬೋರ್ಡ್ ಓಪನ್ ಅಂದರೆ ಚಿಪ್‌ನ ಹೊರಗಿರುವುದೆಲ್ಲ ಓಪನ್ ಅಂತ ತಿಳಿದುಕೊಳ್ಳಿ.

ರಿಸ್ಕ್-ಫೈವ್ ಅನ್ನುವ ಹೆಸರು ಈಗ ಜಾಸ್ತಿ ಕೇಳಿಬರುತ್ತಿದೆ. ಅಲ್ಲಿ ಓಪನ್ ಇರುವುದು ಪ್ರೊಸೆಸರ್‌ನ ಆದೇಶಗಳ ಪಟ್ಟಿ. ಅದನ್ನಿಟ್ಟುಕೊಂಡು ಯಾರಾದರೂ ಮುಚ್ಚಿದ ಚಿಪ್, ಮುಚ್ಚಿದ ಬೋರ್ಡ್ ಎರಡನ್ನೂ ಮಾಡಬಹುದು, ಮಾಡುತ್ತಲೂ ಇದ್ದಾರೆ. ಅದಕ್ಕೂ ಮೇಲಿನ ಪರೀಕ್ಷೆಗಳನ್ನೇ ಮಾಡಿ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ನಮ್ಮ ಸಿ-ಡ್ಯಾಕ್‌ನ ಏರೀಸ್ ಬೋರ್ಡ್‌ಗಳಲ್ಲಿ ಇಲ್ಲೇ ವಿನ್ಯಾಸ ಮಾಡಿದ ರಿಸ್ಕ್-ಫೈವ್ ಚಿಪ್ ತೇಜಸ್32 ಇದೆ. ಕಲಿಯುವುದಕ್ಕೆ ಚೆನ್ನ. ಆದರೆ ಅದು ಆರ್ಡುಯಿನೊ ಜಾತಿಯದು, ಲಿನಕ್ಸ್ ಓಡಿಸುವ ಕಂಪ್ಯೂಟರ್ ಅಲ್ಲ.

ಹೆಜ್ಜೆ 3: ಮೂರು ಬೋರ್ಡ್ ಪಕ್ಕಪಕ್ಕ ಇಟ್ಟು ನೋಡೋಣ

ಪರೀಕ್ಷೆ ಪಾಸಾದವುಗಳಲ್ಲಿ ನಾನು ಮೂರನ್ನು ಎಣಿಸುತ್ತೇನೆ.

ಬೀಗಲ್‌ಬೋನ್ ಬ್ಲ್ಯಾಕ್ 2013ರಲ್ಲಿ 45 ಡಾಲರ್‌ಗೆ ಬಂತು. ಒಂದೇ ಕೋರ್, 1 ಗಿಗಾಹರ್ಟ್ಸ್, 512 ಎಂಬಿ ರ‍್ಯಾಮ್. ಕಾಗದದ ಮೇಲೆ ನೋಡಿದರೆ ನಿಮ್ಮ ಹಳೇ ಫೋನೇ ಇದಕ್ಕಿಂತ ಮೇಲು. ಆದರೂ ನಾನು ಮೊದಲು ಇದನ್ನೇ ಹೇಳುತ್ತೇನೆ, ಯಾಕೆಂದರೆ ಸೆನ್ಸರ್ ಕೆಲಸಕ್ಕೆ ಬೇಕಾದದ್ದು ವೇಗ ಅಲ್ಲ, ಪಿನ್. ಎರಡು ಸಾಲಿನಲ್ಲಿ 46ರಂತೆ 92 ಪಿನ್ ಇವೆ. ಅದರಲ್ಲಿ 7 ಪಿನ್ ವೋಲ್ಟೇಜನ್ನು ನೇರವಾಗಿ ಅಳೆಯುತ್ತವೆ. ಪೈನಲ್ಲಿ ಇದು ಇಲ್ಲವೇ ಇಲ್ಲ, ಎಂಸಿಪಿ3008 ತರಹದ ಚಿಪ್ ಒಂದನ್ನು ಹೊರಗಿನಿಂದ ಜೋಡಿಸಬೇಕು. ಇದರ ಜೊತೆಗೆ ಪಿಆರ್‌ಯು ಅಂತ ಎರಡು ಪುಟಾಣಿ ಪ್ರೊಸೆಸರ್ ಒಳಗೇ ಕೂತಿವೆ. ಲಿನಕ್ಸ್ ತನ್ನ ಪಾಡಿಗೆ ಬೇರೇನೋ ಮಾಡುತ್ತಿದ್ದರೂ ಇವು 5 ನ್ಯಾನೋಸೆಕೆಂಡ್‌ಗೆ ಒಂದರಂತೆ ಆದೇಶ ಮುಗಿಸುತ್ತಾ ಹೋಗುತ್ತವೆ. ಸ್ಟೆಪ್ಪರ್ ಮೋಟಾರ್, ಬಣ್ಣಬಣ್ಣದ ಎಲ್ಇಡಿ ಸರ ಇಂಥವುಗಳಿಗೆ ತಾಳ ಸ್ವಲ್ಪ ತಪ್ಪಿದರೂ ಆಗುವುದಿಲ್ಲ. ಅಂಥ ಕಡೆ ಇದನ್ನು ಬಿಟ್ಟು ಬೇರೆ ಬೋರ್ಡ್ ನಾನು ಹುಡುಕುವುದಿಲ್ಲ. ಇನ್ನೊಂದು ಸುಖ: ಡೆಬಿಯನ್ ಲಿನಕ್ಸ್ ಬೋರ್ಡ್ ಒಳಗಿನ ಮೆಮೊರಿಯಲ್ಲೇ ತುಂಬಿ ಬರುತ್ತದೆ, ಮೆಮೊರಿ ಕಾರ್ಡ್ ಇಲ್ಲದೆಯೇ ಆನ್ ಆಗುತ್ತದೆ.

ಪಾಕೆಟ್‌ಬೀಗಲ್ ಇದರ ತಮ್ಮ. 2017ರಲ್ಲಿ 25 ಡಾಲರ್‌ಗೆ ಬಂತು, ಅಳತೆ 55 × 35 ಮಿಲಿಮೀಟರ್, ಹೆಚ್ಚುಕಮ್ಮಿ ಬೆಂಕಿಪೊಟ್ಟಣದಷ್ಟು. ಪ್ರೊಸೆಸರ್, ರ‍್ಯಾಮ್, ಪವರ್ ಭಾಗ ಎಲ್ಲವನ್ನೂ ಒಂದೇ ಕಪ್ಪು ಚೌಕದೊಳಗೆ ಅಡಕ ಮಾಡಿದ್ದಾರೆ. ಎಚ್‌ಡಿಎಂಐ ಇಲ್ಲ, ನೆಟ್‌ವರ್ಕ್ ಕಿಂಡಿ ಇಲ್ಲ, ವೈಫೈ ಇಲ್ಲ, ಪಿನ್‌ಗಳನ್ನೂ ನೀವೇ ಬೆಸುಗೆ ಹಾಕಿಕೊಳ್ಳಬೇಕು. ಬೆಸುಗೆ ಹಾಕಿ ಗೊತ್ತಿಲ್ಲದವರು ಮೊದಲ ಬೋರ್ಡ್ ಆಗಿ ಇದನ್ನು ತಗೊಳ್ಳಬೇಡಿ. ಮುಂದೊಂದು ದಿನ ಸ್ವಂತ ಬೋರ್ಡ್ ಬಿಡಿಸುವ ಆಸೆ ಇದ್ದರೆ ಮಾತ್ರ ಇದರ ಫೈಲ್ ನೋಡಲೇಬೇಕು. ರ‍್ಯಾಮ್‌ಗೆ ಗೆರೆ ಎಳೆಯುವ ತಲೆನೋವನ್ನು ಆ ಕಪ್ಪು ಚೌಕ ನುಂಗಿಬಿಟ್ಟಿದೆ.

ಎ20-ಓಲಿನುಕ್ಸಿನೊ-ಲೈಮ್2 ಸರ್ವರ್ ಮಾಡುವವರಿಗೆ. ಎರಡು ಕೋರ್, 1 ಜಿಬಿ ರ‍್ಯಾಮ್, ಗಿಗಾಬಿಟ್ ನೆಟ್‌ವರ್ಕ್, ಹಾರ್ಡ್ ಡಿಸ್ಕ್‌ಗೆ ನೇರ ಸಾಟಾ ಕಿಂಡಿ. ಇದೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಮೂಲೆಯಲ್ಲಿರುವ ಎರಡು ಪಿನ್‌ನ ಬಿಳಿ ಕನೆಕ್ಟರ್. 3.7 ವೋಲ್ಟ್‌ನ ಲಿಥಿಯಂ ಬ್ಯಾಟರಿಯನ್ನು ಅಲ್ಲಿ ಚುಚ್ಚಿದರೆ ಬೋರ್ಡ್ ಅದನ್ನು ತಾನೇ ಚಾರ್ಜ್ ಮಾಡಿಕೊಳ್ಳುತ್ತದೆ, ಕರೆಂಟ್ ಹೋದಾಗ ಕಣ್ಣು ಮಿಟುಕಿಸದೆ ಅದರ ಮೇಲೇ ಓಡುತ್ತದೆ. ಯುಪಿಎಸ್ ಬೇರೆ ಬೇಡ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವ ಊರಿನವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಕೊರತೆ ಅಂದರೆ ಪಿನ್‌ಗಳದ್ದು. ಅವು 1.27 ಮಿಲಿಮೀಟರ್ ಅಂತರದವು, ನಮ್ಮ ಮಾಮೂಲಿ ಜಂಪರ್ ವೈರ್‌ಗಿರುವ 2.54ರ ಅರ್ಧ. ಸುಮ್ನೆ ತಳ್ಳಬೇಡಿ, ಹೋಗುವುದಿಲ್ಲ. ಅದಕ್ಕೇ ಬೇರೆ ಪಟ್ಟಿ ಕೇಬಲ್ ತರಿಸಬೇಕು.

ಹಾಗಾಗಿ ನನ್ನ ತೋಟದ ಸಾಲಿಗೆ ಬೀಗಲ್‌ಬೋನ್ ಬ್ಲ್ಯಾಕ್ ಗೆದ್ದಿತು. ನಿಮ್ಮ ಸಾಲಿನಲ್ಲಿ "ಸರ್ವರ್", "ಬ್ಯಾಕಪ್", "ಡಿಸ್ಕ್" ಅನ್ನುವ ಪದ ಇದ್ದರೆ ಲೈಮ್2.

ಹೆಜ್ಜೆ 4: ಬೋರ್ಡ್ ಬೆಲೆ ಪೂರ್ತಿ ಬೆಲೆ ಅಲ್ಲ

ಮೇಲೆ ಹೇಳಿದ ಡಾಲರ್ ಲೆಕ್ಕ ಬಿಡುಗಡೆಯ ದಿನದ್ದು. ಇಲ್ಲಿಗೆ ಬರುವಾಗ ಕೊರಿಯರ್, ಕಸ್ಟಮ್ಸ್, ಜಿಎಸ್‌ಟಿ ಸೇರಿ ಬೇರೆಯೇ ಮೊತ್ತ ಆಗಿರುತ್ತದೆ. ಬಲ್ಗೇರಿಯಾದಿಂದ ಒಂದೇ ಒಂದು ಲೈಮ್2 ತರಿಸುವುದಕ್ಕಿಂತ ನಾಲ್ಕು ಜನ ಗೆಳೆಯರು ಸೇರಿ ತರಿಸಿದರೆ ಕೊರಿಯರ್ ಹಂಚಿಹೋಗುತ್ತದೆ.

ಅಡಾಪ್ಟರ್‌ನಲ್ಲಿ ಉಳಿತಾಯ ಮಾಡಬೇಡಿ. ಬೀಗಲ್‌ಬೋನ್ ಬ್ಲ್ಯಾಕ್‌ಗೆ, ಲೈಮ್2ಗೆ ಎರಡಕ್ಕೂ 5 ವೋಲ್ಟ್, ಗುಂಡು ಪಿನ್. ಮನೆಯ ವೈಫೈ ರೂಟರ್‌ನ 12 ವೋಲ್ಟ್ ಅಡಾಪ್ಟರ್‌ನ ಪಿನ್ ಕೂಡ ಅದೇ ಕಿಂಡಿಗೆ ಸಲೀಸಾಗಿ ಹೋಗುತ್ತದೆ, ಅದೇ ಅಪಾಯ. ಹಾಗಾಗಿ 5 ವೋಲ್ಟ್‌ನದ್ದಕ್ಕೆ ಕೆಂಪು ಟೇಪ್ ಸುತ್ತಿಡಿ. ಬೀಗಲ್‌ಬೋನ್ ಬ್ಲ್ಯಾಕ್‌ನ ಯುಎಸ್‌ಬಿ ಕೇಬಲ್ ಮಿನಿ, ಮೈಕ್ರೊ ಅಲ್ಲ. ಹಳೇ ಡಿಜಿಟಲ್ ಕ್ಯಾಮೆರಾ ಮನೆಯಲ್ಲಿದ್ದರೆ ಅದರ ಡಬ್ಬದಲ್ಲಿ ಹುಡುಕಿ, ಸಿಕ್ಕೀತು. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆ ಇದೆ. ರೆಸಿಸ್ಟರ್, ಬ್ರೆಡ್‌ಬೋರ್ಡ್, ಜಂಪರ್ ವೈರ್, ಒಂದು ಅಗ್ಗದ ಮಲ್ಟಿಮೀಟರ್ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಮಲ್ಟಿಮೀಟರ್ ಬೇಡ ಅನ್ನಬೇಡಿ.

ಮೆಮೊರಿ ಕಾರ್ಡ್ ತಂದರೆ ಮೊದಲು ಎಫ್‌3 ಅನ್ನುವ ಉಚಿತ ಪ್ರೋಗ್ರಾಂನಿಂದ ಪರೀಕ್ಷೆ ಮಾಡಿ. ಮೇಲೆ 64 ಜಿಬಿ ಅಂತ ಬರೆದು ಒಳಗೆ 8 ಜಿಬಿ ಇರುವ ಕಾರ್ಡ್ ನನಗೇ ಸಿಕ್ಕಿದೆ. ಎರಡು ದಿನ ಬೋರ್ಡನ್ನೇ ಬೈದುಕೊಂಡಿದ್ದೆ, ಪಾಪ.

ಹೆಜ್ಜೆ 5: ಮೊದಲ ಸಲ ಆನ್ ಮಾಡುವುದು

ಬೀಗಲ್‌ಬೋನ್ ಬ್ಲ್ಯಾಕ್ ಮೇಲೆ ಯಾವ ವೈರೂ ಚುಚ್ಚದೆ, ಬರೀ ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ. ನಾಲ್ಕು ನೀಲಿ ಎಲ್ಇಡಿ ಇವೆ. ಅದರಲ್ಲೊಂದು ಎದೆಬಡಿತದ ಹಾಗೆ ಲಬ್-ಡಬ್, ಲಬ್-ಡಬ್ ಅಂತ ಎರಡೆರಡು ಸಲ ಮಿನುಗಲು ಶುರುವಾದರೆ ಲಿನಕ್ಸ್ ಎದ್ದಿದೆ ಅಂತ ಅರ್ಥ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದ್ದರೆ 192.168.7.2, ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ 192.168.6.2 ವಿಳಾಸಕ್ಕೆ ಎಸ್‌ಎಸ್‌ಎಚ್ (ದೂರದಿಂದಲೇ ಬೋರ್ಡ್‌ಗೆ ಆದೇಶ ಕೊಡುವ ಪ್ರೋಗ್ರಾಂ) ಮಾಡಿ ಒಳಗೆ ಹೋಗಬಹುದು. ಪರದೆ, ಕೀಬೋರ್ಡ್, ಮೌಸ್ ಯಾವುದೂ ಬೇಕಿಲ್ಲ. ಲೈಮ್2ಗಾದರೆ ಮೆಮೊರಿ ಕಾರ್ಡ್‌ಗೆ ಆರ್ಮ್‌ಬಿಯನ್ (ಇಂಥ ಬೋರ್ಡ್‌ಗಳಿಗೆಂದೇ ಮಾಡಿದ ಲಿನಕ್ಸ್) ಬರೆದು, ನೆಟ್‌ವರ್ಕ್ ಕೇಬಲ್ ಚುಚ್ಚಿ, ರೂಟರ್ ಅದಕ್ಕೆ ಯಾವ ವಿಳಾಸ ಕೊಟ್ಟಿದೆ ಅಂತ ನೋಡಿಕೊಳ್ಳಿ. ಒಳಗೆ ಹೋದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಆಮೇಲೆ ಅಂದರೆ ಆಗುವುದಿಲ್ಲ, ನನಗೆ ಗೊತ್ತು.

ಹೆಜ್ಜೆ 6: ಸೆನ್ಸರ್ ಜೋಡಿಸುವುದು, ಮತ್ತು ನಾನು ಪಿನ್ ಸುಟ್ಟದ್ದು

ಇಲ್ಲಿ ನಿಧಾನ ಮಾಡಿ. ಬೀಗಲ್‌ಬೋನ್ ಬ್ಲ್ಯಾಕ್‌ನ ಮಾಮೂಲಿ ಪಿನ್‌ಗಳು 3.3 ವೋಲ್ಟ್‌ನವು, ಆದರೆ ಅಳೆಯುವ ಆ 7 ಪಿನ್‌ಗಳಿಗೆ ಮಿತಿ 1.8 ವೋಲ್ಟ್. ಮಣ್ಣಿನ ತೇವ ನೋಡುವ ಸೆನ್ಸರ್ 3 ವೋಲ್ಟ್‌ವರೆಗೂ ಕೊಡುತ್ತದೆ. ನಾನು ಪುಟ ತಿರುಗಿಸದೆ ನೇರವಾಗಿ ಚುಚ್ಚಿದೆ. ಹೊಗೆ ಬರಲಿಲ್ಲ, ಸದ್ದಾಗಲಿಲ್ಲ, ಬೋರ್ಡ್ ಎಂದಿನಂತೆ ಓಡುತ್ತಲೇ ಇತ್ತು. ಆ ಪಿನ್ ಮಾತ್ರ ಅಂದಿನಿಂದ ಏನು ಕೊಟ್ಟರೂ 4095 ಅನ್ನುತ್ತದೆ. ಅದು ಆ ಪಿನ್ ಹೇಳಬಲ್ಲ ಅತಿ ದೊಡ್ಡ ಸಂಖ್ಯೆ. ಡಯಾಗ್ರಮ್ ತೆರೆದಾಗ ಕಾಣಿಸಿತು, ಪಿನ್‌ಗೂ ಚಿಪ್‌ಗೂ ನಡುವೆ ಕಾಪಾಡುವಂಥದ್ದು ಏನೂ ಇರಲಿಲ್ಲ. ಮುಂಚೆಯೇ ನೋಡಿದ್ದರೆ ಹತ್ತು ನಿಮಿಷದ ಕೆಲಸ.

ನೀವು ಹೀಗೆ ಮಾಡಿ. 10 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳನ್ನು ಬಾಲಕ್ಕೆ ಬಾಲ ಸೇರಿಸಿ. ಒಂದು ತುದಿ ಸೆನ್ಸರ್‌ನ ಔಟ್‌ಪುಟ್‌ಗೆ, ಇನ್ನೊಂದು ತುದಿ ಗ್ರೌಂಡ್‌ಗೆ, ಎರಡೂ ಕೂಡುವ ನಡುವಿನ ಜಾಗದಿಂದ ಒಂದು ವೈರ್ ಅಳೆಯುವ ಪಿನ್‌ಗೆ. ವೋಲ್ಟೇಜ್ ಅರ್ಧವಾಗುತ್ತದೆ: 3 ಇದ್ದದ್ದು 1.5, ಮೀರಿ 3.3 ಬಂದರೂ 1.65. ಮಿತಿಯೊಳಗೇ ಇರುತ್ತದೆ. 5 ವೋಲ್ಟ್ ಕೊಡುವ ಸೆನ್ಸರ್‌ಗೆ ಇದು ಸಾಲದು, ಅರ್ಧ ಮಾಡಿದರೂ 2.5 ಉಳಿಯುತ್ತದೆ. ವೈರ್ ಪಿನ್‌ಗೆ ಹೋಗುವ ಮುಂಚೆ ಅದರ ತುದಿಗೆ ಮಲ್ಟಿಮೀಟರ್ ಹಿಡಿದು, ಸೆನ್ಸರನ್ನು ಒಣಗಿಸಿ ಒಮ್ಮೆ, ನೀರಿನ ಲೋಟದಲ್ಲಿ ಅದ್ದಿ ಒಮ್ಮೆ ನೋಡಿ. ಎರಡರಲ್ಲೂ 1.8ರ ಒಳಗೆ ಬಂದರೆ ಮಾತ್ರ ಚುಚ್ಚಿ. 1.5 ವೋಲ್ಟ್ ಇದ್ದರೆ ಬೋರ್ಡ್ ಸುಮಾರು 3,400 ಅಂತ ಓದಬೇಕು.

ಇನ್ನೊಂದು ಮಾತು. ಬೋರ್ಡ್ ಆಫ್ ಆಗಿದ್ದು ಸೆನ್ಸರ್‌ಗೆ ಮಾತ್ರ ಬೇರೆ ಕಡೆಯಿಂದ ಕರೆಂಟ್ ಇದ್ದರೂ ಪಿನ್ ಹಾಳಾಗಬಹುದು. ಹಾಗಾಗಿ ಸೆನ್ಸರ್‌ಗೂ ಬೋರ್ಡ್‌ನ 3.3 ವೋಲ್ಟ್ ಪಿನ್‌ನಿಂದಲೇ ಕರೆಂಟ್ ಕೊಡಿ.

ಪುಟ್ಟ ಓಎಲ್ಇಡಿ ಪರದೆ ಮೇಲೆ ಕನ್ನಡದಲ್ಲೇ ತೋರಿಸುವ ಆಸೆ ನಿಮಗೂ ಬರುತ್ತದೆ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಅನ್ನುವ ಎರಡು ಕನ್ನಡ ಫಾಂಟ್ ಇವೆ, ಹಾಕಿಕೊಳ್ಳಿ. ಪೈಥಾನ್ ಭಾಷೆಯ ಪಿಲ್ಲೋ ಅನ್ನುವ ಚಿತ್ರ ಬಿಡಿಸುವ ಲೈಬ್ರರಿಯಿಂದ ಅಕ್ಷರ ಬಿಡಿಸುವಾಗ ರಾಕ್ಮ್ ಅನ್ನುವ ಲೈಬ್ರರಿ ಜೊತೆಗಿಲ್ಲದಿದ್ದರೆ ಒತ್ತಕ್ಷರ ಮುರಿಯುತ್ತದೆ. "ಮಣ್ಣು" ಅಂತ ಬರೆದರೆ ಪರದೆ ಮೇಲೆ "ಮಣ್‌ಣು" ಅಂತ ಬರುತ್ತದೆ. ನಾನು ಒಂದು ಸಂಜೆ ಪೂರ್ತಿ ಫಾಂಟ್ ಬದಲಿಸುತ್ತಾ ಕೂತಿದ್ದೆ. ತಪ್ಪು ಫಾಂಟ್‌ನದ್ದಲ್ಲ.

ಹೆಜ್ಜೆ 7: ಕರೆಂಟ್ ಹೋಗುತ್ತದೆ, ಅದಕ್ಕೆ ತಯಾರಾಗಿ

ಬೋರ್ಡ್ ಏನೋ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್‌ನ ಫೈಲ್‌ಗಳು ಹಾಳಾಗುತ್ತವೆ. ಮಳೆಗಾಲದಲ್ಲಿ ಇದು ಆಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ, ಯಾವತ್ತು ಅನ್ನುವುದಷ್ಟೇ. ಬರೆಯುವುದನ್ನು ಕಡಿಮೆ ಮಾಡಿ. ಲಾಗ್‌ಗಳನ್ನು, ಅಂದರೆ ಲಿನಕ್ಸ್ ತನ್ನ ಪಾಡಿಗೆ ಬರೆದಿಡುವ ದಿನಚರಿಯನ್ನು, ರ‍್ಯಾಮ್‌ನಲ್ಲಿಡಿ, ಆರ್ಮ್‌ಬಿಯನ್ ಇದಕ್ಕೆ ವ್ಯವಸ್ಥೆ ಮಾಡಿಯೇ ಕೊಟ್ಟಿದೆ. ಸೆನ್ಸರ್ ಲೆಕ್ಕವನ್ನು ಪ್ರತಿ ಸೆಕೆಂಡಿಗೆ ಬರೆಯುವ ಬದಲು ಹತ್ತು ನಿಮಿಷಕ್ಕೊಮ್ಮೆ ಬರೆಯಿರಿ, ಮಣ್ಣು ಅಷ್ಟು ಬೇಗ ಒಣಗುವುದಿಲ್ಲ.

ಲೈಮ್2ಗೆ ಬ್ಯಾಟರಿ ಹಾಕುವವರು ಪ್ಲಸ್ ಮೈನಸ್ ನೋಡಿ ಹಾಕಿ. ಕನೆಕ್ಟರ್ ಒಂದೇ ತರಹ ಕಂಡರೂ ಒಬ್ಬರ ಕೆಂಪು ವೈರ್ ಇರುವ ಕಡೆ ಇನ್ನೊಬ್ಬರ ಕಪ್ಪು ಇರುತ್ತದೆ. ಬೋರ್ಡ್ ಮೇಲಿನ ಗುರುತಿಗೂ ಮಲ್ಟಿಮೀಟರ್ ಹೇಳುವುದಕ್ಕೂ ಹೊಂದಿದರೆ ಮಾತ್ರ ಚುಚ್ಚಿ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲೂ ಬ್ಯಾಟರಿಗೆ ಜಾಗ ಬಿಟ್ಟಿದ್ದಾರೆ, ಆದರೆ ಕನೆಕ್ಟರ್ ಇಲ್ಲ, ಬೆಸುಗೆ ಹಾಕಬೇಕು. ಅದಕ್ಕೆ ಕೈ ಬರದಿದ್ದರೆ ಬಿಡಿ. ಆಫ್ ಮಾಡುವಾಗಲಾದರೂ ಅಡಾಪ್ಟರ್ ಕೀಳಬೇಡಿ, ಬೋರ್ಡ್ ಮೇಲೆ ಪವರ್ ಬಟನ್ ಇದೆ. ಒಂದು ಸಲ ಒತ್ತಿ, ನೀಲಿ ದೀಪಗಳು ಪೂರ್ತಿ ಆರುವವರೆಗೆ ಕಾಯಿರಿ, ಆಮೇಲೆ ವೈರ್ ತೆಗೆಯಿರಿ.